ಕೇಳುವವರ ಕೈಯಲ್ಲಿ ಪುಟವಿಲ್ಲ

ಶಾಮಿಯಾನದ ಕೆಳಗೆ ಕೂತು ಭಾಷಣ ಕೇಳುವವರ ಕೈಯಲ್ಲಿ ಪುಟವಿರುವುದಿಲ್ಲ. ಓದುತ್ತಿದ್ದರೆ ಅನುಮಾನ ಬಂದ ಕಡೆ ನಿಲ್ಲಬಹುದಿತ್ತು, ಹಿಂದಕ್ಕೆ ಹೋಗಬಹುದಿತ್ತು, ಅಡಿಟಿಪ್ಪಣಿ ನೋಡಬಹುದಿತ್ತು. ಇಲ್ಲಿ ಒಂದು ಇಸವಿ ಕಿವಿಗೆ ಬೀಳುವಷ್ಟರಲ್ಲಿ ಮುಂದಿನ ವಾಕ್ಯ ಬಂದಿರುತ್ತದೆ. ಅವರಿಂದ ಆಗದ ಪರಿಶೀಲನೆಯನ್ನು ಅವರ ಪರವಾಗಿ ನಾನೇ ಮಾಡಿಕೊಂಡು ಬರಬೇಕು. ಇದು ನನಗೆ ಅರ್ಥವಾಗಲು ತುಂಬ ವರ್ಷ ಹಿಡಿಯಿತು.

ಮಳವಳ್ಳಿ ತಾಲ್ಲೂಕಿನ ಒಂದು ಊರಿನ ರಾಜ್ಯೋತ್ಸವ. ಶಿವನಸಮುದ್ರದ ವಿದ್ಯುತ್ತಿನ ಬಗ್ಗೆ ಅರ್ಧ ಗಂಟೆ ಮಾತಾಡಿ ಎಂದು ಕರೆದಿದ್ದರು. ನಾನು ಹೇಳಿದ್ದರ ತಿರುಳು ಮೂರೇ ವಾಕ್ಯ. ಇದು ಏಷ್ಯಾದಲ್ಲೇ ಮೊದಲ ಜಲವಿದ್ಯುತ್ ಕೇಂದ್ರ. ಇದು ವಿಶ್ವೇಶ್ವರಯ್ಯನವರ ಕನಸು. ಅದು ನನಸಾದದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಆಡಳಿತದಲ್ಲಿ. ಜೋರು ಚಪ್ಪಾಳೆ ಬಿತ್ತು. ಮೂರೂ ತಪ್ಪಾಗಿದ್ದವು.

ಮುಂದಿನ ವರ್ಷ ಅದೇ ಸೀಮೆಯ ಒಂದು ಶಾಲೆಗೆ ಪ್ರಬಂಧ ಸ್ಪರ್ಧೆಯ ತೀರ್ಪುಗಾರನಾಗಿ ಹೋದೆ. ಅಷ್ಟು ಹೊತ್ತಿಗೆ ನನ್ನ ತಪ್ಪು ನನಗೆ ಗೊತ್ತಾಗಿತ್ತು. ನಾಲ್ಕು ಮಕ್ಕಳ ಹಾಳೆಯಲ್ಲಿ ಆ ಮೂರು ವಾಕ್ಯಗಳು ಹಾಗ್ಹಾಗೇ ಕೂತಿದ್ದವು. ಒಬ್ಬಳಂತೂ, ಇದನ್ನು ಕಳೆದ ವರ್ಷ ಭಾಷಣದಲ್ಲಿ ಕೇಳಿದೆ ಎಂದು ಪ್ರಾಮಾಣಿಕವಾಗಿ ಬರೆದಿದ್ದಳು. ಆ ಮಗು ತನ್ನ ಮೂಲವನ್ನು ಹೇಳಿತ್ತು. ನಿಮ್ಮ ಮೂಲ ಯಾವುದು ಎಂದು ಅವಳು ನನ್ನನ್ನು ಕೇಳಿದ್ದರೆ ನನ್ನ ಬಳಿ ಉತ್ತರವಿರಲಿಲ್ಲ. ಎಲ್ಲೋ ಓದಿದ್ದೆ, ಯಾರೋ ಹೇಳಿದ್ದರು, ಅಷ್ಟೇ.

ಅಲ್ಲಿಂದ ಮುಂದೆ ಕಲಿತದ್ದು ಇವು.

1. "ಮೊದಲ" ಎಂಬ ಪದ ಬಂದಲ್ಲಿ ಪೆನ್ನು ನಿಲ್ಲಿಸಿ

ಏಷ್ಯಾದಲ್ಲೇ ಮೊದಲು, ದೇಶದಲ್ಲೇ ಮೊದಲು, ಜಗತ್ತಿನಲ್ಲೇ ಅತಿ ಉದ್ದ. ಇಂಥ ಮಾತು ಭಾಷಣಕ್ಕೆ ತುಂಬ ಒಗ್ಗುತ್ತದೆ, ಅದಕ್ಕೇ ಅದರ ಬಗ್ಗೆ ಎಚ್ಚರ ಬೇಕು. "ಮೊದಲ" ಎಂದು ಹೇಳುವವನು ಉಳಿದವನ್ನೆಲ್ಲ ನೋಡಿಬಂದವನಾಗಿರಬೇಕು. ನಾನು ಶಿವನಸಮುದ್ರವನ್ನು ಮಾತ್ರ ನೋಡಿದ್ದೆ.

ಕಾವೇರಿಯ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ತಲುಪಿದ್ದು 1902ರ ಜೂನ್ 30ರಂದು. ಡಾರ್ಜಿಲಿಂಗ್ ಬಳಿಯ ಸಿದ್ರಾಪೊಂಗ್‌ನಲ್ಲಿ 1897ರಲ್ಲೇ ಪುಟ್ಟದೊಂದು ಜಲವಿದ್ಯುತ್ ಕೇಂದ್ರ ಶುರುವಾಗಿತ್ತು. ಜಪಾನಿನ ಕ್ಯೋಟೊದಲ್ಲಿ ಬಿವಾ ಸರೋವರದ ಕಾಲುವೆಯ ನೀರಿನಿಂದ ಕೆಆಗೆ ಕೇಂದ್ರ 1891ರಲ್ಲಿ ವಿದ್ಯುತ್ ಕೊಟ್ಟಿತ್ತು. ಬೆಂಗಳೂರಿನ ಬೀದಿದೀಪದ ಕಥೆಯೂ ಹೀಗೆಯೇ. 1905ರ ಆಗಸ್ಟ್ 5ರಂದು ಹೊತ್ತಿದ ದೀಪವನ್ನು ಏಷ್ಯಾದ ಮೊದಲ ವಿದ್ಯುತ್ ಬೀದಿದೀಪ ಎನ್ನುತ್ತಾರೆ. ಟೋಕಿಯೋದ ಗಿಂಜಾ ಬೀದಿಯಲ್ಲಿ 1882ರಲ್ಲೇ ಆರ್ಕ್ ದೀಪ ಉರಿದಿತ್ತು, ಕಲ್ಕತ್ತಾದಲ್ಲಿ 1899ರಲ್ಲಿ ಸಾರ್ವಜನಿಕ ವಿದ್ಯುತ್ ಪೂರೈಕೆ ಆರಂಭವಾಗಿತ್ತು. ಶಿವನಸಮುದ್ರದಿಂದ ಗಣಿಯವರೆಗಿನ 92 ಮೈಲಿ ತಂತಿಯನ್ನು ಜಗತ್ತಿನಲ್ಲೇ ಉದ್ದದ್ದು ಎಂದು ಬರೆದವರಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ 1901ರಲ್ಲೇ 140 ಮೈಲಿ ಮೀರಿದ ಮಾರ್ಗವಿತ್ತು.

ಇಷ್ಟೆಲ್ಲ ಕಳೆದ ಮೇಲೆ ನಮ್ಮ ಹೆಮ್ಮೆಗೆ ಏನು ಉಳಿಯಿತು ಎಂದು ಸಂಘಟಕರೊಬ್ಬರು ನೊಂದು ಕೇಳಿದರು. ಬಹಳ ಉಳಿಯುತ್ತದೆ. ಸಂಸ್ಥಾನದ ಹಳ್ಳಿಗಳು ಹರಳೆಣ್ಣೆ, ಸೀಮೆಎಣ್ಣೆ ದೀಪದಲ್ಲಿದ್ದ ಕಾಲದಲ್ಲಿ, ಆವರೆಗೆ ದೇಶದಲ್ಲಿ ಯಾರೂ ಕೈಹಾಕದಷ್ಟು ದೂರಕ್ಕೆ ಕಂಬ ನೆಟ್ಟು ತಂತಿ ಎಳೆದರು. ಆ ವಿದ್ಯುತ್ತು ಮೊದಲು ಹೋದದ್ದು ಯಾರ ಮನೆಗೂ ಅಲ್ಲ, ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ಬರಲು ಮತ್ತೆ ಮೂರು ವರ್ಷ ಬೇಕಾಯಿತು, ಮೈಸೂರಿಗೆ ಆರು ವರ್ಷ. ಜಲಪಾತದ ಪಕ್ಕದ ಊರಿನವರ ಮುಂದೆ ಇದನ್ನು ಹೇಳಿ ನೋಡಿ. "ಏಷ್ಯಾದಲ್ಲೇ ಮೊದಲು" ಎಂದಾಗ ಚಪ್ಪಾಳೆ ತಟ್ಟಿ ಮರೆಯುವ ಜನ ಇದನ್ನು ಕೇಳಿದಾಗ ಯೋಚನೆಗೆ ಬೀಳುತ್ತಾರೆ.

2. ಮೂರು ಪುಸ್ತಕ, ಒಂದೇ ಬಾವಿ

ಒಂದು ವಿಷಯಕ್ಕೆ ಮೂರು ಆಧಾರ ಬೇಕು ಎಂದು ನನಗೂ ಹೇಳಿಕೊಟ್ಟಿದ್ದರು. ನನ್ನ ತಪ್ಪು ವಾಕ್ಯಗಳಿಗೆ ಮೂರಲ್ಲ, ಆರು ಆಧಾರಗಳಿದ್ದವು: ಎರಡು ಸ್ಮರಣ ಸಂಚಿಕೆ, ಒಂದು ಪ್ರವಾಸಿ ಕೈಪಿಡಿ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ, ಎರಡು ಪತ್ರಿಕಾ ಲೇಖನ. ಆಮೇಲೆ ಪಕ್ಕಪಕ್ಕ ಇಟ್ಟುಕೊಂಡು ಓದಿದೆ. ವಾಕ್ಯದ ಜೋಡಣೆ ಒಂದೇ, ವಿಶೇಷಣಗಳು ಒಂದೇ, ಒಂದು ಊರಿನ ಹೆಸರಿನ ಕಾಗುಣಿತದ ತಪ್ಪೂ ಒಂದೇ. ಆರು ಕೊಡ ನೀರು ಒಂದೇ ಬಾವಿಯಿಂದ ಬಂದಿತ್ತು.

ಈಗ ಎರಡು ಆಧಾರ ಒಂದೇ ಮಾತು ಹೇಳಿದರೆ, ಇವರಿಬ್ಬರೂ ಸ್ವತಂತ್ರವಾಗಿ ತಿಳಿದುಕೊಂಡದ್ದೇ ಅಥವಾ ಒಬ್ಬರನ್ನು ಇನ್ನೊಬ್ಬರು ನೋಡಿ ಬರೆದದ್ದೇ ಎಂದು ಮೊದಲು ಕೇಳಿಕೊಳ್ಳುತ್ತೇನೆ. ಒಂದೇ ಕಾಗುಣಿತದ ತಪ್ಪು, ಒಂದೇ ಅಪರೂಪದ ವಿಶೇಷಣ, ಒಂದೇ ದುಂಡು ಅಂಕಿ ಕಂಡರೆ ಅವೆರಡನ್ನೂ ಸೇರಿಸಿ ಒಂದು ಎಂದೇ ಎಣಿಸುತ್ತೇನೆ.

3. ಹೆಸರಿನ ಪಕ್ಕದಲ್ಲಿ ಇಸವಿ ಬರೆಯಿರಿ

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಪಾಠ ಇದು. ಇದಕ್ಕೆ ಖರ್ಚೂ ಇಲ್ಲ. ಒಂದು ಹಾಳೆ, ಎಡಕ್ಕೆ ಇಸವಿ, ಬಲಕ್ಕೆ ಹೆಸರು.

ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿ ಬಂದದ್ದು 1909ರಲ್ಲಿ, ದಿವಾನರಾದದ್ದು 1912ರಲ್ಲಿ. ಅವರು ಬರುವ ಹೊತ್ತಿಗೇ ಕಾವೇರಿಯ ವಿದ್ಯುತ್ತು ಗಣಿಗೆ ಹರಿದು ಏಳು ವರ್ಷವಾಗಿತ್ತು. ಕೃಷ್ಣರಾಜಸಾಗರ ಕಟ್ಟಿದ ಉದ್ದೇಶಗಳಲ್ಲಿ ಶಿವನಸಮುದ್ರಕ್ಕೆ ವರ್ಷವಿಡೀ ನೀರು ಸಿಗುವಂತೆ ಮಾಡುವುದೂ ಒಂದು. ಅವರ ನಿಜವಾದ ಸಂಬಂಧ ಅಲ್ಲಿದೆ. ಎರಡೂ ಕಥೆ ಬೆರೆತು, ಇಡೀ ಯೋಜನೆಯೇ ಅವರ ಹೆಸರಿಗೆ ಹೋಗಿದೆ. ಅವರು ಮಾಡಿದ ಕೆಲಸವೇ ಬೆಟ್ಟದಷ್ಟಿದೆ, ಮಾಡದ್ದನ್ನು ಅವರಿಗೆ ಅಂಟಿಸುವ ಅಗತ್ಯವೇ ಇಲ್ಲ.

ಈ ಯೋಜನೆಯ ಹಿಂದೆ ನಿಂತವರು 1883ರಿಂದ 1901ರವರೆಗೆ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್. ಲೋಕೋಪಯೋಗಿ ಇಲಾಖೆಯಲ್ಲಿದ್ದ ಸೇನಾ ಎಂಜಿನಿಯರ್ ಜೋಲಿ ದ ಲೊಟ್‌ಬಿನಿಯೇರ್ ವಿದೇಶಗಳಿಗೆ ಹೋಗಿ ಅಧ್ಯಯನ ಮಾಡಿಬಂದರು. ಶೇಷಾದ್ರಿ ಅಯ್ಯರ್ 1901ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಹಾಗಾಗಿ ಅವರು ಗಣಿಗೆ ವಿದ್ಯುತ್ ಹರಿಯುವ ದಿನ ಗುಂಡಿ ಒತ್ತಿದರು ಎಂದು ಬಣ್ಣಿಸುವ ಬರಹವನ್ನು ಓದಿದ ತಕ್ಷಣ ಕೆಳಗಿಡಬಹುದು. ತಾವು ಆರಂಭಿಸಿದ ಕೆಲಸ ಮುಗಿದದ್ದನ್ನು ಅವರು ಕಾಣಲಿಲ್ಲ.

ಇನ್ನು ನಾಲ್ವಡಿಯವರು. ಅವರಿಗೆ ಪೂರ್ಣ ಅಧಿಕಾರ ಬಂದದ್ದು 1902ರ ಆಗಸ್ಟ್ 8ರಂದು, ವಿದ್ಯುತ್ ಹರಿದ ಐದು ವಾರಗಳ ನಂತರ. ಅವರ ತಂದೆ ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಮಗನಿಗೆ ಹತ್ತು ವರ್ಷ. ಅಂದಿನಿಂದ ಸಂಸ್ಥಾನ ನಡೆದದ್ದು ರೀಜೆಂಟರಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಹೆಸರಿನಲ್ಲಿ. ಯೋಜನೆಗೆ ಒಪ್ಪಿಗೆ, ಕೆಲಸ, ತಂತಿ ಎಳೆದದ್ದು, ಎಲ್ಲವೂ ಅವರ ಕಾಲದ್ದು. ಮಾರಿಕಣಿವೆಯ ಜಲಾಶಯ ಅವರ ಬಿರುದಾದ ವಾಣಿವಿಲಾಸದ ಹೆಸರು ಹೊತ್ತಿದೆ. ಶಿವನಸಮುದ್ರದ ವಿಷಯಕ್ಕೆ ಬಂದಾಗ ಮಾತ್ರ ಆ ತಾಯಿಯ ಹೆಸರನ್ನು ನಾವು ಬಿಟ್ಟುಬಿಡುತ್ತೇವೆ. ನಾನೂ ಬಿಟ್ಟಿದ್ದೆ.

ತಪ್ಪು ಇಸವಿ ಹೇಳಿದರೆ ಏನಾಗುತ್ತದೆ ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಇದು. ಐದು ವಾರಗಳ ಹೆಚ್ಚುಕಡಿಮೆಯಲ್ಲಿ ಒಬ್ಬ ಹೆಣ್ಣುಮಗಳ ಏಳು ವರ್ಷದ ಆಡಳಿತ ಇನ್ನೊಬ್ಬರ ಖಾತೆಗೆ ಹೋಗುತ್ತದೆ.

ಊರು, ಕಟ್ಟಡಗಳ ಹೆಸರಿಗೂ ಇದೇ ಪರೀಕ್ಷೆ. 1905ರಲ್ಲಿ ಕೆ.ಆರ್. ಮಾರುಕಟ್ಟೆಯಲ್ಲಿ ದೀಪ ಹೊತ್ತಿತು ಎಂದು ಓದಿದರೆ, ಆ ಮಾರುಕಟ್ಟೆ 1920ರ ದಶಕದ್ದು ಎಂಬುದು ನೆನಪಾಗಬೇಕು. ಜಾಗ ಅದೇ ಇರಬಹುದು, ಹೆಸರು ಆಮೇಲೆ ಬಂದದ್ದು.

4. ಆ ಕಾಲದ ಕಾಗದ ಹುಡುಕಿ, ಅದನ್ನೂ ಪೂರ್ತಿ ನಂಬಬೇಡಿ

ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಕೇಂದ್ರ ಗ್ರಂಥಾಲಯಕ್ಕೆ ನಾನು ಹೋದದ್ದು ಈ ತಪ್ಪು ತಿಳಿದ ಮೇಲೆ. ಆ ಕಟ್ಟಡ ಶೇಷಾದ್ರಿ ಅಯ್ಯರ್ ಅವರ ಸ್ಮಾರಕ ಭವನ, ಎದುರಿಗೆ ಅವರದೇ ಪ್ರತಿಮೆ. ಅದೆಷ್ಟೋ ಸಲ ಆ ಪ್ರತಿಮೆಯ ಪಕ್ಕದಲ್ಲೇ ಹಾದುಹೋಗಿದ್ದೆ.

ಮೈಸೂರು ಸಂಸ್ಥಾನದ ವಿಷಯಕ್ಕೆ ನಾವು ಅದೃಷ್ಟವಂತರು. 1881ರಲ್ಲಿ ಆರಂಭವಾದ ಪ್ರಜಾಪ್ರತಿನಿಧಿ ಸಭೆಯ ಮುಂದೆ ದಿವಾನರು ವರ್ಷವರ್ಷವೂ ಮಾಡಿದ ಭಾಷಣಗಳು ಅಚ್ಚಾಗಿವೆ. ವಾರ್ಷಿಕ ಆಡಳಿತ ವರದಿಗಳಿವೆ. ಗೆಜೆಟಿಯರುಗಳಿವೆ. ಇವುಗಳಲ್ಲಿ ಹಲವು ಈಗ ಅಂತರ್ಜಾಲದಲ್ಲೂ ಸ್ಕ್ಯಾನ್ ಆಗಿ ಸಿಗುತ್ತವೆ. ಹಳೆಯ ಪುಸ್ತಕ ಕೈಗೆ ಬಂದ ಕೂಡಲೇ ನೋಡಬೇಕಾದ್ದು ಅಚ್ಚಾದ ವರ್ಷ. ಬಿ. ಎಲ್. ರೈಸ್ ಅವರ ಪರಿಷ್ಕೃತ ಗೆಜೆಟಿಯರ್ 1897ರದ್ದು. ಅದರಲ್ಲಿ ಶಿವನಸಮುದ್ರದ ಜಲಪಾತವಿದೆ, ವಿದ್ಯುತ್ ಇರಲು ಸಾಧ್ಯವೇ ಇಲ್ಲ. ಅದಕ್ಕೆ 1927ರಿಂದ ಹೊರಬಂದ ಹಯವದನ ರಾಯರ ಸಂಪುಟಗಳಿಗೆ ಬರಬೇಕು.

ಮೂಲ ದಾಖಲೆ ಸಿಕ್ಕಿತೆಂದರೆ ಸತ್ಯ ಸಿಕ್ಕಿತು ಎಂದಲ್ಲ. ದಿವಾನರು ತಮ್ಮದೇ ಯೋಜನೆಯ ಬಗ್ಗೆ ಸಭೆಯ ಮುಂದೆ ಮಾತಾಡುವಾಗ ಅದರ ಲಾಭವನ್ನೇ ಎತ್ತಿ ಹೇಳುತ್ತಾರೆ. ವಿದ್ಯುತ್ ಕೊಂಡ ಗಣಿ ಕಂಪನಿಯ ಕಾಗದದಲ್ಲಿ ದರವೇ ದೊಡ್ಡ ವಿಷಯ. ಕಂಬ ಹೊತ್ತ ಕೂಲಿಯವರು ವರದಿ ಬರೆಯಲಿಲ್ಲ. ಆದ್ದರಿಂದ ಒಂದು ದಾಖಲೆಯನ್ನು ಕೈಗೆತ್ತಿಕೊಂಡಾಗ ಇದನ್ನು ಯಾರು, ಯಾರಿಗೆ, ಏನನ್ನು ಒಪ್ಪಿಸಲು ಬರೆದರು ಎಂದು ಮೊದಲ ಪುಟದ ಅಂಚಿನಲ್ಲೇ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತೇನೆ. ಗ್ರಂಥಾಲಯದ ಪುಸ್ತಕವಾದರೆ ನನ್ನ ಚೀಟಿಯಲ್ಲಿ.

5. ಅಂಕಿ ಯಾವುದನ್ನು ಎಣಿಸಿದ್ದು?

ರಾಜ್ಯೋತ್ಸವದ ವೇದಿಕೆಗಳಲ್ಲಿ "ಆರು ಕೋಟಿ ಕನ್ನಡಿಗರು" ಎಂಬ ಮಾತು ಕೇಳದ ವರ್ಷವಿಲ್ಲ. ಅದು ಎಲ್ಲಿಂದ ಬಂತು ಎಂದು ಹುಡುಕಿದರೆ ಸಿಗುವುದು 2011ರ ಜನಗಣತಿಯ ಕರ್ನಾಟಕದ ಜನಸಂಖ್ಯೆ, ಸುಮಾರು 6.11 ಕೋಟಿ. ಅದೇ ಗಣತಿಯಲ್ಲಿ ಇಡೀ ದೇಶದಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು ಸುಮಾರು 4.37 ಕೋಟಿ. ಈ 4.37 ಕೋಟಿಯೊಳಗೆ ನೀಲಗಿರಿಯ ಬಡಗ ಭಾಷೆಯನ್ನು ಹೇಳಿದ ಲಕ್ಷಕ್ಕೂ ಹೆಚ್ಚು ಜನರನ್ನೂ ಗಣತಿಯವರು ಸೇರಿಸಿದ್ದಾರೆ. ಮನೆಯಲ್ಲಿ ತುಳು, ಉರ್ದು, ತೆಲುಗು, ಕೊಂಕಣಿ ಆಡಿ ಹೊರಗೆ ಕನ್ನಡದಲ್ಲಿ ಬದುಕುವವರು ಅದರಲ್ಲಿಲ್ಲ, ಅವರ ಲೆಕ್ಕ ಬೇರೆ ಕೋಷ್ಟಕದಲ್ಲಿದೆ.

ಹಾಗಾದರೆ ಆರು ಕೋಟಿ ಸುಳ್ಳೇ? ಈ ನೆಲದಲ್ಲಿ ಬದುಕುವವರೆಲ್ಲ ಕನ್ನಡಿಗರು ಎಂಬ ಅರ್ಥದಲ್ಲಿ ಹೇಳಿದರೆ ಅದು ಒಳ್ಳೆಯ ಮಾತು, ನನಗೆ ಇಷ್ಟವಾದ ಮಾತು. ತಾಯ್ನುಡಿಯ ಲೆಕ್ಕವಾಗಿ ಹೇಳಿದರೆ ತಪ್ಪು. ಯಾವ ಅರ್ಥದಲ್ಲಿ ಹೇಳುತ್ತಿದ್ದೇನೆ ಎಂಬುದನ್ನು ಅದೇ ಉಸಿರಿನಲ್ಲಿ ಹೇಳಿಬಿಡಬೇಕು. ಜೊತೆಗೆ ಇಸವಿಯನ್ನೂ. 2021ರಲ್ಲಿ ಆಗಬೇಕಿದ್ದ ಗಣತಿ ಮುಂದಕ್ಕೆ ಹೋಯಿತು, ಹೀಗಾಗಿ "ಇತ್ತೀಚಿನ ಅಂಕಿ" ಎಂದು ಹೇಳಿದ್ದು ಹತ್ತು ವರ್ಷಕ್ಕಿಂತ ಹಳೆಯದಾಗಿರುತ್ತದೆ.

ಅಂಕಿಯ ಹಿಂದಿನ ಅಳತೆಯನ್ನೂ ನೋಡಿ. ಆ 92 ಮೈಲಿಯನ್ನು ನಾನೇ ಒಮ್ಮೆ ಚೀಟಿಯಲ್ಲಿ 92 ಕಿ.ಮೀ. ಎಂದು ಬರೆದುಕೊಂಡಿದ್ದೆ. ಅಸಲಿಗೆ ಅದು ಸುಮಾರು 148 ಕಿ.ಮೀ.

6. ಹಿರಿಯರ ನೆನಪಿಗೆ ಕೇಳಬೇಕಾದ್ದನ್ನು ಕೇಳಿ

ವಿದ್ಯುದಾಗಾರದ ಬಳಿಯ ಬ್ಲಫ್‌ನಲ್ಲಿ ಹುಟ್ಟಿ ಬೆಳೆದ ನಿವೃತ್ತ ನೌಕರರೊಬ್ಬರ ಜೊತೆ ಒಂದು ಮಧ್ಯಾಹ್ನ ಕೂತಿದ್ದೆ. ಅವರ ಅಜ್ಜ ಕಟ್ಟುವ ಕಾಲದಲ್ಲಿ ದುಡಿದವರಂತೆ. ಯಾವ ವರ್ಷ ಎಂದು ಕೇಳಿದೆ. "ಪ್ಲೇಗು ಬಂದಿತ್ತಲ್ಲ, ಆಗ" ಎಂದರು. ಪ್ಲೇಗು ಬೆಂಗಳೂರಿಗೆ ಬಂದದ್ದು 1898ರಲ್ಲಿ, ಆದರೆ ಅದು ಆಮೇಲೂ ಎಷ್ಟೋ ವರ್ಷ ಸಂಸ್ಥಾನದಲ್ಲಿ ಮತ್ತೆ ಮತ್ತೆ ಮರುಕಳಿಸಿತು. ಇದರಿಂದ ಇಸವಿ ಹಿಡಿಯಲು ಆಗುವುದಿಲ್ಲ. ಆ ಹಿರಿಯರು ತಪ್ಪು ಹೇಳಲಿಲ್ಲ, ನಾನು ತಪ್ಪು ಪ್ರಶ್ನೆ ಕೇಳಿದ್ದೆ.

ಆಮೇಲೆ, ಮನೆಯಲ್ಲಿ ರಾತ್ರಿ ಹೇಗಿರುತ್ತಿತ್ತು ಎಂದು ಕೇಳಿದೆ. ಯಂತ್ರದ ಸದ್ದು ಲಾಲಿಯ ಹಾಗೆ ಇರುತ್ತಿತ್ತು, ಸದ್ದಿನ ಶ್ರುತಿ ಸ್ವಲ್ಪ ಬದಲಾದರೂ ಇಡೀ ಕಾಲೊನಿಯ ಗಂಡಸರು ನಿದ್ದೆಯಿಂದ ಎದ್ದು ಕೂರುತ್ತಿದ್ದರು ಎಂದರು. ಯಾವ ಆಡಳಿತ ವರದಿಯಲ್ಲಿ ಇದು ಸಿಗುತ್ತದೆ? ಇಸವಿ, ಅಂಕಿ, ಹುದ್ದೆಗಳನ್ನು ಕಾಗದಕ್ಕೆ ಕೇಳುತ್ತೇನೆ. ಬದುಕು ಹೇಗಿತ್ತು ಎಂಬುದನ್ನು ಬದುಕಿದವರಿಗೆ ಕೇಳುತ್ತೇನೆ. ಅಜ್ಜನಿಂದ ಬಂದ ಮಾತಾದರೆ ಸಭೆಯಲ್ಲಿಯೂ "ಅಜ್ಜ ಹೇಳಿದ್ದನ್ನು ಮೊಮ್ಮಗ ನನಗೆ ಹೇಳಿದರು" ಎಂದೇ ಹೇಳುತ್ತೇನೆ.

7. ವಚನ, ತ್ರಿಪದಿಗಳನ್ನು ನೆನಪಿನಿಂದ ಎತ್ತಬೇಡಿ

ಅಂಕಿತ ಇದ್ದ ಮಾತ್ರಕ್ಕೆ ವಚನ ಆ ಶರಣರದಾಗುವುದಿಲ್ಲ. ಸಮಗ್ರ ವಚನ ಸಂಪುಟದ 15 ಸಂಪುಟಗಳಿವೆ, ತೆರೆದು ನೋಡಬೇಕು. ಸರ್ವಜ್ಞನ ಹೆಸರಿನಲ್ಲಿ ಮೂರು ಸಾಲು ಕಟ್ಟುವುದು ಸುಲಭ, ಹಾಗೆ ಕಟ್ಟಿದವು ಎಷ್ಟೋ ಓಡಾಡುತ್ತಿವೆ. ಉತ್ತಂಗಿ ಚನ್ನಪ್ಪನವರು ಊರೂರು ತಿರುಗಿ ಕೂಡಿಸಿ 1924ರಲ್ಲಿ ಪ್ರಕಟಿಸಿದ ಸಂಗ್ರಹದಂಥ ಆಧಾರವಿರುವಾಗ ಫೋನಿಗೆ ಬಂದ ಚಿತ್ರದಿಂದ ಓದುವುದು ಅವರ ಶ್ರಮಕ್ಕೆ ಮಾಡುವ ಅನ್ಯಾಯ.

8. ಅಂತರ್ಜಾಲ ಹುಡುಕಾಟದ ಮೊದಲ ದಿನಕ್ಕೆ ಸರಿ

ವಿಕಿಪೀಡಿಯಾವನ್ನು ನಾನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. ಮೊದಲು ಆಧಾರಗಳ ಪಟ್ಟಿ, ಆಮೇಲೆ ಲೇಖನ. ಪ್ರಶ್ನೆ ಕೇಳಿದರೆ ಉತ್ತರ ಬರೆದುಕೊಡುವ ಹೊಸ ಯಂತ್ರಗಳಿಗೂ ಅದೇ ನಿಯಮ: ಅದು ಹೆಸರಿಸಿದ ಪುಸ್ತಕ ನಿಜಕ್ಕೂ ಇದೆಯೇ, ಆ ಪುಟದಲ್ಲಿ ಆ ಮಾತಿದೆಯೇ ಎಂದು ಕಣ್ಣಾರೆ ನೋಡುವ ತನಕ ಅದು ಆಧಾರವಲ್ಲ. ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಎರಡು ಬಾರಿ ಹುಡುಕಿ, ಹೆಸರುಗಳ ಹಳೆಯ ಕಾಗುಣಿತದಲ್ಲಿಯೂ ಹುಡುಕಿ. ಶಿವನಸಮುದ್ರ ಹಳೆಯ ಇಂಗ್ಲಿಷ್ ದಾಖಲೆಗಳಲ್ಲಿ "ಶಿವಸಮುದ್ರಂ" ಆಗಿದೆ. ಈ ಒಂದೆರಡು ಅಕ್ಷರದ ವ್ಯತ್ಯಾಸದಿಂದ ನನಗೆ ಎಷ್ಟೋ ದಿನ ಏನೂ ಸಿಕ್ಕಿರಲಿಲ್ಲ.

9. ವಿದ್ವಾಂಸರು ತೂಗಿ ನೋಡುತ್ತಿರುವುದನ್ನು ತೀರ್ಪಿನಂತೆ ಹೇಳಬೇಡಿ

ಹಲ್ಮಿಡಿ ಶಾಸನ ಕ್ರಿ.ಶ. 450ರದ್ದು ಎಂದು ನಾವೆಲ್ಲ ಬಾಯಿಪಾಠ ಮಾಡಿದವರು. ಆ ಕಲ್ಲಿನ ಮೇಲೆ ಇಸವಿಯೇ ಇಲ್ಲ. ಲಿಪಿಯ ರೂಪ, ಅದರಲ್ಲಿ ಬರುವ ಹೆಸರುಗಳನ್ನು ನೋಡಿ ವಿದ್ವಾಂಸರು ಅಂದಾಜಿಸಿದ ಕಾಲ ಅದು. 2013ರಲ್ಲಿ ತಾಳಗುಂದದ ಉತ್ಖನನದಲ್ಲಿ ಸಿಂಹಕಟಾಂಜನ ಶಾಸನ ಸಿಕ್ಕ ಮೇಲೆ, ಅದು ಕ್ರಿ.ಶ. 370ರದ್ದು, ಅದೇ ಕನ್ನಡದ ಮೊದಲ ಶಾಸನ ಎಂಬ ಮಾತು ಬಂತು. ಅದೂ ಅಂದಾಜೇ.

ಸಭೆಯಲ್ಲಿ ಇದನ್ನು ಹೇಳಿದರೆ ಜನಕ್ಕೆ ಗೊಂದಲವಾಗುತ್ತದೆ ಎಂದು ಹಲವರು ಹೆದರಿಸಿದರು. ನನ್ನ ಅನುಭವ ಬೇರೆ. ಇಸವಿಯಿಲ್ಲದ ಕಲ್ಲಿಗೆ ಅಕ್ಷರದ ಬಳುಕು ನೋಡಿ ಕಾಲ ಕಟ್ಟುತ್ತಾರೆ ಎಂದಾಗ ಹಿಂದಿನ ಸಾಲಿನ ಹುಡುಗರೂ ಕತ್ತೆತ್ತಿ ನೋಡಿದ್ದಾರೆ.

10. ಆಧಾರವನ್ನು ವಾಕ್ಯದ ಒಳಗೇ ಇಡಿ

ಭಾಷಣಕ್ಕೆ ಅಡಿಟಿಪ್ಪಣಿ ಇಲ್ಲ. ಹಾಗಾಗಿ "2011ರ ಜನಗಣತಿಯಲ್ಲಿ", "ಹಯವದನ ರಾಯರ ಗೆಜೆಟಿಯರಿನಲ್ಲಿ" ಎಂಬ ಮಾತು ವಾಕ್ಯದ ಮೊದಲಲ್ಲೇ ಬರಲಿ. ಎಲ್ಲದಕ್ಕೂ ಬೇಡ, ಅರ್ಧ ಗಂಟೆಯ ಭಾಷಣಕ್ಕೆ ನಾಲ್ಕೈದು ಸಾಕು. ನಾನು ಒಂದು ಸಂಗತಿಗೆ ಒಂದು ಚೀಟಿ ಇಡುತ್ತೇನೆ: ಸಂಗತಿ, ಪುಸ್ತಕ, ವರ್ಷ, ಪುಟ, ನಾನು ನೋಡಿದ ದಿನ. ಚೀಟಿ ಇಲ್ಲದ ಸಂಗತಿ ವೇದಿಕೆ ಹತ್ತುವುದಿಲ್ಲ. ಇದರಿಂದ ಭಾಷಣಗಳು ಚಿಕ್ಕವಾದವು, ಯಾರೂ ಬೇಸರಪಟ್ಟಿಲ್ಲ.

11. ತಪ್ಪಿದ ಜಾಗಕ್ಕೇ ಹೋಗಿ ತಿದ್ದಿ

ಮಳವಳ್ಳಿಯ ಆ ಊರಿಗೆ ಮತ್ತೆ ಹೋಗಲು ನನಗೆ ಮೂರು ವರ್ಷ ಬೇಕಾಯಿತು. ನಾಚಿಕೆಯೇ ಕಾರಣ. ಕೊನೆಗೆ ನಾನೇ ಸಂಘಟಕರಿಗೆ ಫೋನ್ ಮಾಡಿ, ಭಾಷಣ ಬೇಡ, ಹತ್ತು ನಿಮಿಷ ಕೊಡಿ ಎಂದೆ. ಆ ಶಾಲೆಯ ಮಕ್ಕಳನ್ನೂ ಕರೆಸಲು ಕೇಳಿಕೊಂಡೆ. ಹಿಂದೆ ಹೇಳಿದ ಮೂರು ವಾಕ್ಯಗಳನ್ನು ಮತ್ತೆ ಹೇಳಿ, ಇವು ತಪ್ಪು, ತಪ್ಪು ನನ್ನದು ಎಂದೆ. ಚೀಟಿ ತೆಗೆದು ಸರಿಯಾದದ್ದನ್ನು ಒಂದೊಂದಾಗಿ ಓದಿದೆ, ಎಲ್ಲಿ ನೋಡಿದೆ ಎಂಬುದನ್ನೂ. ಚಪ್ಪಾಳೆ ಬೀಳಲಿಲ್ಲ. ಮುಂದಿನ ಸಾಲಿನಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ಕೈಯೆತ್ತಿ, "ಆ ಮಹಾರಾಣಿ ಹೆಸರು ಏನಂದ್ರಿ?" ಎಂದು ಕೇಳಿದರು. ನಿಧಾನವಾಗಿ ಹೇಳಿದೆ. ಪಕ್ಕದಲ್ಲಿದ್ದ ಮೊಮ್ಮಗಳಿಗೆ ಬರಕೋ ಎಂದರು. ಅವಳು ಪುಸ್ತಕ ತೆಗೆಯುವ ತನಕ ಕಾದು, ಇನ್ನೊಮ್ಮೆ ಹೇಳಿದೆ.